ಹುಲ್ಲು ಕೊಟ್ಟ ಸೀಮೆಗೆ ವಿಜ್ಞಾನ ಕೊಡುವುದೇನು?

ಚಳ್ಳಕೆರೆ ಎಂದರೆ ಹೊರಗಿನವರಿಗೆ ಮೊದಲು ನೆನಪಾಗುತ್ತಿದ್ದುದು ಶೇಂಗಾ ಎಣ್ಣೆ. ಒಂದು ಕಾಲಕ್ಕೆ ಎಣ್ಣೆ ಗಿರಣಿಗಳ ದೆಸೆಯಿಂದ ಈ ಊರಿಗೆ ‘ಎರಡನೆಯ ಮುಂಬಯಿ’ ಎಂಬ ಹೆಸರೂ ಬಂದಿತ್ತು. ಎಣ್ಣೆಯ ನಂತರ ಕಂಬಳಿ. ಪಕ್ಕದ ಮೊಳಕಾಲ್ಮುರಿಗೆ ಹೋದರೆ ರೇಷ್ಮೆ ಸೀರೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಕಾಣುವ ತಾಲ್ಲೂಕುಗಳು ಇವು. ಮಳೆ ಕೈಕೊಟ್ಟ ವರ್ಷವೂ ಹೇಗೋ ಬದುಕಿಸುವ ಕಸುಬುಗಳನ್ನೇ ಇಲ್ಲಿಯ ಜನ ಹಿಡಿದುಕೊಂಡು ಬಂದರು.

ಈಗ ಇದೇ ಸೀಮೆಯ ಹೆಸರು ಬೇರೆ ಕಾರಣಕ್ಕೆ ಪತ್ರಿಕೆಗಳಲ್ಲಿ ಬರುತ್ತಿದೆ. 2024ರ ಜೂನ್ 23ರ ಬೆಳಿಗ್ಗೆ 7.10ಕ್ಕೆ ವಾಯುಪಡೆಯ ಚಿನೂಕ್ ಹೆಲಿಕಾಪ್ಟರೊಂದು ರೆಕ್ಕೆಯುಳ್ಳ ಒಂದು ವಾಹನವನ್ನು ನಾಲ್ಕೂವರೆ ಕಿಲೊಮೀಟರ್ ಎತ್ತರಕ್ಕೆ ಒಯ್ದು ಕೈಬಿಟ್ಟಿತು. ಅದರಲ್ಲಿ ಚಾಲಕನಿರಲಿಲ್ಲ, ಓಡುತ್ತಿರುವ ಎಂಜಿನ್ನೂ ಇರಲಿಲ್ಲ. ರನ್‌ವೇಯ ನೇರದಿಂದ 500 ಮೀಟರ್ ಪಕ್ಕಕ್ಕೆ ಬಿಟ್ಟಿದ್ದರೂ ತನ್ನ ದಾರಿಯನ್ನು ತಾನೇ ತಿದ್ದಿಕೊಂಡು ಬಂದು ಅದು ಸರಿಯಾಗಿ ಇಳಿಯಿತು. ಅದೇ ಇಸ್ರೊ ಸಂಸ್ಥೆಯ ‘ಪುಷ್ಪಕ್’. ಬಾಹ್ಯಾಕಾಶಕ್ಕೆ ಹೋಗಿ ಮರಳಿ ಬಂದು, ಮತ್ತೆ ಬಳಕೆಯಾಗಬಲ್ಲ ವಾಹನಕ್ಕೆ ನಡೆದ ಪೂರ್ವಭಾವಿ ಪರೀಕ್ಷೆ ಅದು. ಇಳಿದದ್ದು ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಬಳಿಯಿರುವ ವೈಮಾನಿಕ ಪರೀಕ್ಷಾ ವಲಯದಲ್ಲಿ.

ಇಂಥ ಪರೀಕ್ಷೆಗೆ ಹಣ ಎಲ್ಲಿಂದ ಬಂತು ಎಂದು ಕೇಳಿದರೆ ಉತ್ತರ ಸುಲಭ: ಸರ್ಕಾರದ ಬೊಕ್ಕಸದಿಂದ, ಅಂದರೆ ನಮ್ಮೆಲ್ಲರ ತೆರಿಗೆಯಿಂದ. ಬಜೆಟ್ ಪುಸ್ತಕದಲ್ಲಿ ಅದಕ್ಕೆ ಲೆಕ್ಕವಿದೆ. ಆದರೆ ಇಲ್ಲಿ ಇನ್ನೊಂದು ಬಂಡವಾಳವೂ ತೊಡಗಿದೆ. ಅದು ಹುಲ್ಲುಗಾವಲು. ಅದರ ಲೆಕ್ಕ ಬಜೆಟ್ಟಿನಲ್ಲಿ ಹುಡುಕಿದರೂ ಸಿಗುವುದಿಲ್ಲ.

ಎತ್ತುಗಳ ಪ್ರಯೋಗಶಾಲೆ

ಇಂದು ಸಂಶೋಧನಾ ಸಂಸ್ಥೆಗಳು ನೆಲೆಸಿರುವ ಉಳ್ಳಾರ್ತಿ, ಕುದಾಪುರ, ವರವು ಈ ಮೂರೂ ‘ಅಮೃತ ಮಹಲ್ ಕಾವಲು’ಗಳು. ಆ ಹೆಸರಿನ ಹಿಂದೆ ಮುನ್ನೂರು ವರ್ಷ ಮೀರಿದ ಕಥೆಯಿದೆ. ಮೈಸೂರಿನ ಚಿಕ್ಕದೇವರಾಜ ಒಡೆಯರು ‘ಬೆಣ್ಣೆ ಚಾವಡಿ’ ಎಂಬ ಇಲಾಖೆ ಕಟ್ಟಿ, ಅರಮನೆಯ ದನಗಳಿಗಾಗಿ ರಾಜ್ಯದ ಅಲ್ಲಲ್ಲಿ ಹುಲ್ಲುಗಾವಲುಗಳನ್ನು ಕಾದಿರಿಸಿದರು. ಹೈದರನ ಕಾಲಕ್ಕೆ ಈ ಎತ್ತುಗಳು ತೋಪು, ಮದ್ದುಗುಂಡು ಎಳೆಯುವ ಸೇನೆಯ ಬೆನ್ನೆಲುಬಾದವು. ಟಿಪ್ಪು ಇಲಾಖೆಗೆ ‘ಅಮೃತ ಮಹಲ್’ ಎಂದು ಹೆಸರಿಟ್ಟ. ಕಾವಲುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಿ, ಹಿಂಡುಗಳನ್ನು ಕಾಲಕಾಲಕ್ಕೆ ಒಂದರಿಂದ ಇನ್ನೊಂದಕ್ಕೆ ಹೊಡೆಯುವ ಪದ್ಧತಿಯಿತ್ತು. ಹುಲ್ಲು ಮತ್ತೆ ಚಿಗುರಲು ಬಿಡುವು ಕೊಡುವ ವಿಜ್ಞಾನ ಅದರಲ್ಲಿತ್ತು.

ಹೋರಿಗಳನ್ನು ಆರಿಸಿ, ವೇಗಕ್ಕೂ ತಾಳಿಕೆಗೂ ಹೆಸರಾದ ತಳಿಯೊಂದನ್ನು ತಲೆಮಾರುಗಳ ಕಾಲ ಕಾಪಾಡಿಕೊಂಡು ಬಂದದ್ದನ್ನು ಇಂದಿನ ಮಾತಿನಲ್ಲಿ ಸರ್ಕಾರಿ ವೆಚ್ಚದ ರಕ್ಷಣಾ ಸಂಶೋಧನೆ ಎನ್ನದೆ ಬೇರೆ ಏನೆನ್ನಬೇಕು? ಅನುದಾನ ಕಡಿತದ ಪಾಠವೂ ಈ ಕಥೆಯಲ್ಲೇ ಇದೆ. ಖರ್ಚು ಉಳಿಸುವ ಹಟದಲ್ಲಿ ಬ್ರಿಟಿಷ್ ಆಡಳಿತ 1860ರಲ್ಲಿ ಅಮೃತ ಮಹಲ್ ಹಿಂಡುಗಳನ್ನು ಒಡೆದು ಮಾರಿಬಿಟ್ಟಿತು. ಕೆಲವೇ ವರ್ಷಗಳಲ್ಲಿ ಸೇನೆಗೆ ತಕ್ಕ ಎತ್ತು ಸಿಗದಂತಾಯಿತು. 1866ರಲ್ಲಿ ಚದುರಿಹೋದ ದನಗಳನ್ನು ಹುಡುಕಿ ತಂದು ಇಲಾಖೆಯನ್ನು ಮತ್ತೆ ಕಟ್ಟಬೇಕಾಯಿತು. ತಲೆಮಾರುಗಳ ಕೆಲಸವನ್ನು ಒಂದು ವರ್ಷದ ಉಳಿತಾಯಕ್ಕೆ ಮಾರಿದರೆ ಆಗುವ ನಷ್ಟ ಎಂಥದ್ದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಎತ್ತಿನ ಬದಲು ಯಂತ್ರ ಬಂದ ಮೇಲೆ ಸೇನೆಗೆ ಕಾವಲು ಬೇಡವಾಯಿತು, ಊರಿಗೆ ಬೇಕಾಗಿಯೇ ಉಳಿಯಿತು. ಕಾವಲಿನ ಹುಲ್ಲಿನಿಂದ ಕುರಿ, ಕುರಿಯಿಂದ ಉಣ್ಣೆ, ಉಣ್ಣೆಯಿಂದ ಕಂಬಳಿ, ಕಂಬಳಿಯಿಂದ ಚಳ್ಳಕೆರೆಯ ಸಂತೆ: ಇದು ಒಂದೇ ಸರಪಳಿ. ಮ್ಯಾಸಬೇಡರ ಹಟ್ಟಿಗಳಲ್ಲಿ ‘ದೇವರ ಎತ್ತು’ಗಳಿವೆ. ಅವುಗಳನ್ನು ಉಳುವುದಕ್ಕೆ ಹೂಡುವಂತಿಲ್ಲ, ಮಾರುವಂತಿಲ್ಲ. ಕಿಲಾರಿಗಳು ಅವನ್ನು ಮೇಯಿಸಿಕೊಂಡು ಬಯಲಿನಲ್ಲೇ ಬದುಕುತ್ತಾರೆ. ಇವರಾರ ಹೆಸರಲ್ಲೂ ಕಾವಲಿನ ಪಹಣಿ ಇರಲಿಲ್ಲ. ಪಹಣಿ ಇಲ್ಲದ್ದರಿಂದಲೇ ಮುಂದೆ ಪರಿಹಾರದ ಪ್ರಶ್ನೆಯೂ ಏಳಲಿಲ್ಲ.

ನಾಲ್ಕು ಸಂಸ್ಥೆ, ನಾಲ್ಕು ಖಾತೆ

2007ರಿಂದ ಈಚೆಗೆ ಕೆಲವೇ ವರ್ಷಗಳಲ್ಲಿ ಈ ಕಾವಲುಗಳು ಹಂಚಿಹೋದವು. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒಗೆ 4,290 ಎಕರೆ. ಭಾಭಾ ಪರಮಾಣು ಸಂಶೋಧನಾ ಕೇಂದ್ರಕ್ಕೆ 1,810 ಎಕರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ. ಇಸ್ರೊಗೆ 573 ಎಕರೆ. ಈ ನಾಲ್ಕನ್ನೇ ಕೂಡಿದರೂ ಎಂಟು ಸಾವಿರ ಎಕರೆ ದಾಟುತ್ತದೆ. ಇದಲ್ಲದೆ ಸೌರವಿದ್ಯುತ್ ಯೋಜನೆಯ ಹೆಸರಿನಲ್ಲಿ ಒಂದು ಖಾಸಗಿ ಕಂಪನಿಗೂ ಸಾವಿರ ಎಕರೆಗೂ ಮೀರಿ ಜಮೀನು ಹೋಯಿತು. ಪತ್ರಿಕೆಗಳು ಇದನ್ನು ‘ವಿಜ್ಞಾನ ನಗರಿ’ ಎಂದು ಕರೆದವು.

ನಗರಿ ಎಂದರೆ ಒಂದು ಆಡಳಿತ, ಒಂದು ಲೆಕ್ಕಪತ್ರ ಇರಬೇಕಲ್ಲವೆ? ಇಲ್ಲಿ ಹಾಗಿಲ್ಲ. ಡಿಆರ್‌ಡಿಒಗೆ ಹಣ ರಕ್ಷಣಾ ಸಚಿವಾಲಯದಿಂದ, ಇಸ್ರೊಗೆ ಬಾಹ್ಯಾಕಾಶ ಇಲಾಖೆಯಿಂದ, ಭಾಭಾ ಕೇಂದ್ರಕ್ಕೆ ಪರಮಾಣು ಇಂಧನ ಇಲಾಖೆಯಿಂದ, ವಿಜ್ಞಾನ ಸಂಸ್ಥೆಗೆ ಶಿಕ್ಷಣ ಸಚಿವಾಲಯದಿಂದ ಬರುತ್ತದೆ. ಜಮೀನು ಕೊಟ್ಟದ್ದು ರಾಜ್ಯದ ಕಂದಾಯ ಇಲಾಖೆ. ಪ್ರತಿಯೊಂದಕ್ಕೂ ಬೇರೆ ಮಂತ್ರಿ, ಬೇರೆ ಲೆಕ್ಕಶೀರ್ಷಿಕೆ, ಬೇರೆ ಗೋಡೆ. ಚಳ್ಳಕೆರೆಗೆ ಇದರಿಂದ ಏನಾಯಿತು ಎಂದು ಒಟ್ಟಾಗಿ ಕೇಳಬೇಕಾದ ಮೇಜು ದೆಹಲಿಯಲ್ಲಿಯೂ ಇಲ್ಲ, ಬೆಂಗಳೂರಿನಲ್ಲಿಯೂ ಇಲ್ಲ.

ಇನ್ನೊಂದು ರೀತಿಯಲ್ಲಿ ನೋಡಿದರೆ ದೇಶದ ವಿಜ್ಞಾನ ವೆಚ್ಚದ ಕಿರುನಕ್ಷೆಯೇ ಈ ಬಯಲಿನಲ್ಲಿದೆ. ಕೇಂದ್ರದ ಪ್ರಮುಖ ವಿಜ್ಞಾನ ಸಂಸ್ಥೆಗಳು 2020-21ರಲ್ಲಿ ಸಂಶೋಧನೆಗೆ ಮಾಡಿದ ವೆಚ್ಚದಲ್ಲಿ ಡಿಆರ್‌ಡಿಒದ ಪಾಲು ಶೇಕಡ 31ರಷ್ಟು, ಬಾಹ್ಯಾಕಾಶ ಇಲಾಖೆಯದು ಶೇಕಡ 18ರಷ್ಟು, ಪರಮಾಣು ಇಂಧನ ಇಲಾಖೆಯದು ಶೇಕಡ 11ರಷ್ಟು. ನೂರರಲ್ಲಿ ಅರವತ್ತು ರೂಪಾಯಿ ಈ ಮೂರಕ್ಕೇ ಹೋಗುತ್ತದೆ. ಈ ಮೂರೂ ಇಂದು ಚಳ್ಳಕೆರೆಯ ನೆರೆಹೊರೆಯವರು.

ಬಯಲೇ ಏಕೆ ಬೇಕು?

ಬೆಂಗಳೂರಿನ ಹತ್ತಿರ ಜಾಗವಿರಲಿಲ್ಲವೆ ಎಂದು ಕೇಳುವವರಿದ್ದಾರೆ. ಪುಷ್ಪಕ್ ಇಳಿದ ಬಗೆಯನ್ನು ಲೆಕ್ಕ ಹಾಕಿದರೆ ಉತ್ತರ ಹೊಳೆಯುತ್ತದೆ. ಪ್ರಯಾಣಿಕರ ವಿಮಾನ ಗಂಟೆಗೆ ಸುಮಾರು 260 ಕಿಲೊಮೀಟರ್ ವೇಗದಲ್ಲಿ ನೆಲ ಮುಟ್ಟುತ್ತದೆ. ಪುಷ್ಪಕ್ ಮುಟ್ಟಿದ್ದು 320ಕ್ಕೂ ಮೀರಿದ ವೇಗದಲ್ಲಿ. ಚಲನೆಯ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂದು ಹೈಸ್ಕೂಲಿನಲ್ಲಿ ಕಲಿಯುತ್ತೇವೆ. ವೇಗ ಕಾಲುಭಾಗಕ್ಕಿಂತಲೂ ಕಡಿಮೆ ಹೆಚ್ಚಿದ್ದರೂ ಪ್ರತಿ ಕಿಲೊ ತೂಕಕ್ಕೆ ತಡೆಯಬೇಕಾದ ಶಕ್ತಿ ಒಂದೂವರೆ ಪಟ್ಟು ಆಗುತ್ತದೆ. ಮೊದಲು ಹಿಂದಿನಿಂದ ಪ್ಯಾರಾಚೂಟ್ ಬಿಚ್ಚಿ ವೇಗವನ್ನು ಗಂಟೆಗೆ 100 ಕಿಲೊಮೀಟರಿನ ಆಸುಪಾಸಿಗೆ ಇಳಿಸಿ, ಆಮೇಲೆ ಗಾಲಿಗಳ ಬ್ರೇಕು ಹಾಕಬೇಕಾಯಿತು. ಒಂದು ಕೊಂಡಿ ತಪ್ಪಿದ್ದರೂ ವಾಹನ ಎತ್ತಲೋ ನುಗ್ಗುತ್ತಿತ್ತು. ಸುತ್ತ ಜನ, ಮರ, ಕಟ್ಟಡ ಇಲ್ಲದ ಸಮತಟ್ಟು ನೆಲ, ವರ್ಷದ ಬಹುಪಾಲು ತಿಳಿಯಾದ ಆಕಾಶ ಎರಡೂ ಬೇಕು. ಬರಗಾಲದ ಸೀಮೆ ಎಂದು ನಾವು ಹಳಿಯುವ ನೆಲದ ಗುಣಗಳೇ ಪರೀಕ್ಷಾ ವಲಯಕ್ಕೆ ಯೋಗ್ಯತೆಗಳಾದವು.

ಚಂದ್ರಯಾನಕ್ಕೂ ಈ ನೆಲ ಒದಗಿದೆ. ಚಂದ್ರನಿಗೆ ರೇಡಿಯೊ ಸಂದೇಶ ಹೋಗಿಬರಲು ಎರಡೂವರೆ ಸೆಕೆಂಡಿನಷ್ಟು ಹಿಡಿಯುತ್ತದೆ. ಇಳಿಯುವ ಕೊನೆಯ ಗಳಿಗೆಯಲ್ಲಿ ಕೆಳಗೆ ಕುಳಿಯಿದೆಯೆ, ಬಂಡೆಯಿದೆಯೆ ಎಂದು ಭೂಮಿಯನ್ನು ಕೇಳುತ್ತ ಕೂರಲು ನೌಕೆಗೆ ವೇಳೆಯಿಲ್ಲ. ಅದು ತಾನೇ ನೋಡಿ ತಾನೇ ತೀರ್ಮಾನಿಸಬೇಕು. ಇದನ್ನು ಪರೀಕ್ಷಿಸಲು ಇಸ್ರೊ 2016ರಲ್ಲಿ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಮೇಲಿನಂಥ ಕುಳಿಗಳನ್ನು ತೋಡಿಸಿ, ನೌಕೆಯ ಸಂವೇದಕಗಳನ್ನು ಪುಟ್ಟ ವಿಮಾನಕ್ಕೆ ಕಟ್ಟಿ ಅವುಗಳ ಮೇಲೆ ಹಾರಿಸಿತು. 2019ರ ಸೆಪ್ಟೆಂಬರಿನಲ್ಲಿ ಚಂದ್ರಯಾನ-2ರ ನೌಕೆ ಚಂದ್ರನ ಮೇಲೆ ಅಪ್ಪಳಿಸಿತು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಮೆಲ್ಲಗೆ ಇಳಿಯಿತು. ಕುರಿ ಮೇಯುತ್ತಿದ್ದ ನೆಲಕ್ಕೆ ಚಂದ್ರನ ತದ್ರೂಪಾಗುವ ಯೋಗವಿತ್ತು!

ಪರೀಕ್ಷೆ ಎಂದ ಮೇಲೆ ಸೋಲೂ ಉಂಟು. ಡಿಆರ್‌ಡಿಒ 2017ರ ಮೇ 28ರಂದು ಇಲ್ಲಿಯ ಪರೀಕ್ಷಾ ವಲಯವನ್ನು ವಿಧ್ಯುಕ್ತವಾಗಿ ಆರಂಭಿಸಿತು. ಅಲ್ಲಿಂದ ಹಾರಿದ ಚಾಲಕರಹಿತ ವಿಮಾನಗಳಲ್ಲಿ ಒಂದು 2019ರ ಸೆಪ್ಟೆಂಬರ್ 17ರಂದು ಜೋಡಿಚಿಕ್ಕೇನಹಳ್ಳಿಯ ಬಳಿ ಬಿತ್ತು. ಇನ್ನೊಂದು 2023ರ ಆಗಸ್ಟ್ 20ರಂದು ಹಿರಿಯೂರು ತಾಲ್ಲೂಕಿನ ವದ್ದೀಕೆರೆಯ ಬಳಿ ಹೊಲಕ್ಕೆ ಬಿತ್ತು. ಎರಡು ಸಲವೂ ಪ್ರಾಣಹಾನಿಯಾಗಲಿಲ್ಲ. ಬೀಳದೆ ಹಾರಲು ಕಲಿತ ವಿಮಾನ ಪ್ರಪಂಚದಲ್ಲಿ ಇಲ್ಲ, ಇದಕ್ಕಾಗಿ ವಿಜ್ಞಾನಿಗಳನ್ನು ದೂರುವುದು ಸಲ್ಲ. ಆದರೆ ಬೀಳುವ ವಿಮಾನದ ಅಡಿಯಲ್ಲಿ ಇರುವುದು ಈ ಸೀಮೆಯ ರೈತನ ಹೊಲ ಎಂಬುದನ್ನು ಮರೆಯಬಾರದು. ಹುಲ್ಲಿನ ಜೊತೆಗೆ ಅಪಾಯದ ಪಾಲನ್ನೂ ಊರೇ ಹೊತ್ತಿದೆ.

ಲೆಕ್ಕಕ್ಕೆ ಸಿಗದ ಬಂಡವಾಳ

ಕಾವಲು ಕೈಬಿಟ್ಟುಹೋದದ್ದು ಬಹಳ ಜನಕ್ಕೆ ತಿಳಿದದ್ದು ಗೋಡೆ ಏಳತೊಡಗಿದ ಮೇಲೆ. ಊರವರು ಹೋರಾಟ ಸಮಿತಿ ಕಟ್ಟಿಕೊಂಡರು. ಬೆಂಗಳೂರಿನ ಪರಿಸರ ಸಂಘಟನೆಯೊಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ದೂರು ಒಯ್ದಿತು. 2014ರ ಆಗಸ್ಟ್ 27ರಂದು ತೀರ್ಪು ಬಂದು, ಪರಿಸರದ ಅನುಮತಿಗಳ ಹಾಗೂ ಷರತ್ತುಗಳ ಚೌಕಟ್ಟಿನಲ್ಲಿ ಯೋಜನೆಗಳು ಮುಂದುವರಿದವು.

ಆ ವಾದ-ವಿವಾದದಲ್ಲಿ ಒಂದು ಮಾತು ಮತ್ತೆ ಮತ್ತೆ ಬಂತು: ‘ಅದು ಪಾಳು ಜಮೀನು.’ ಜೀವಶಾಸ್ತ್ರ ಓದಿದ ಯಾರೂ ಹುಲ್ಲುಗಾವಲನ್ನು ಪಾಳು ಎನ್ನಲಾರರು. ಮರವಿಲ್ಲದ್ದು ಅದರ ಕೊರತೆಯಲ್ಲ, ಅದರ ಲಕ್ಷಣ. ಕೃಷ್ಣಮೃಗ, ತೋಳ, ಅಳಿವಿನಂಚಿಗೆ ಬಂದಿರುವ ಎರೆಭೂತ ಹಕ್ಕಿ ಇವೆಲ್ಲ ಬಯಲನ್ನೇ ನಂಬಿದ ಜೀವಿಗಳು. ಹುಲ್ಲಿನ ಬೇರು ಮಣ್ಣನ್ನು ಹಿಡಿದು ನಿಲ್ಲಿಸುತ್ತದೆ, ಬಿದ್ದ ನಾಲ್ಕು ಹನಿಯನ್ನು ಇಂಗಿಸುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಬರಗಾಲದಲ್ಲಿ ಕುರಿ ದನಗಳಿಗೆ ಅದೇ ಬ್ಯಾಂಕಿನ ಠೇವಣಿ. ಗೋಡೆ ಎದ್ದ ಮೇಲೆ ಹತ್ತು ಕುರಿಯವನು ಐದಕ್ಕೆ ಇಳಿದರೆ, ಆ ಐದು ಕುರಿಗಳು ಯಾವ ಸಚಿವಾಲಯದ ಖರ್ಚಿನ ಪಟ್ಟಿಗೂ ಸೇರುವುದಿಲ್ಲ.

ರಾಷ್ಟ್ರರಕ್ಷಣೆ ದೊಡ್ಡದೊ, ಕುರಿ ದೊಡ್ಡದೊ ಎಂದು ಕೇಳುವವರಿದ್ದಾರೆ. ಪ್ರಶ್ನೆಯನ್ನು ಹಾಗೆ ಕೇಳುವುದೇ ತಪ್ಪು. ಕಾರ್ಖಾನೆಗೆ ಯಂತ್ರ ತರಲು ಸಾಲ ಮಾಡಿದರೆ ಬ್ಯಾಂಕಿಗೆ ಬಡ್ಡಿ ಕಟ್ಟುತ್ತೇವೆ. ಷೇರು ಹಾಕಿದವನಿಗೆ ಲಾಭಾಂಶ ಕೊಡುತ್ತೇವೆ. ಎಂಟು ಸಾವಿರ ಎಕರೆಯ ಷೇರು ಹಾಕಿದ ಊರುಗಳಿಗೆ ಲಾಭಾಂಶವೇನು ಎಂದು ಕೇಳಿದರೆ ಅದು ದೇಶದ್ರೋಹವೂ ಅಲ್ಲ, ವಿಜ್ಞಾನದ ವಿರೋಧವೂ ಅಲ್ಲ.

ದೇಶ ಎಷ್ಟು ಖರ್ಚು ಮಾಡುತ್ತದೆ?

ವಿಜ್ಞಾನಕ್ಕೆ ನಾವು ಅತಿಯಾಗಿ ಸುರಿಯುತ್ತಿದ್ದೇವೆಯೆ? ಇಲ್ಲವೇ ಇಲ್ಲ. 2020-21ರಲ್ಲಿ ಭಾರತ ಸಂಶೋಧನೆ, ಅಭಿವೃದ್ಧಿಗೆ ಮಾಡಿದ ಒಟ್ಟು ವೆಚ್ಚ ಸುಮಾರು 1 ಲಕ್ಷ 27 ಸಾವಿರ ಕೋಟಿ ರೂಪಾಯಿ. ಹತ್ತು ವರ್ಷದ ಹಿಂದೆ ಅದು 60 ಸಾವಿರ ಕೋಟಿಯಷ್ಟಿತ್ತು. ರೂಪಾಯಿ ದುಪ್ಪಟ್ಟಾಯಿತು ನಿಜ, ಆದರೆ ದೇಶದ ಒಟ್ಟು ಉತ್ಪನ್ನದಲ್ಲಿ ಅದರ ಪಾಲು ಕೇವಲ ಶೇಕಡ 0.64. ಚೀನಾ ಶೇಕಡ 2.4ರಷ್ಟು, ದಕ್ಷಿಣ ಕೊರಿಯ ಶೇಕಡ 4.8ರಷ್ಟು ವೆಚ್ಚ ಮಾಡುತ್ತಿದ್ದ ಕಾಲವದು. ಕೊರಿಯದಂಥ ದೇಶಗಳಲ್ಲಿ ಖಾಸಗಿ ಕಂಪನಿಗಳೇ ಸಿಂಹಪಾಲು ಹಾಕುತ್ತವೆ. ನಮ್ಮಲ್ಲಿ ಖಾಸಗಿ ಪಾಲು ಶೇಕಡ 36ರಷ್ಟು ಮಾತ್ರ, ಉಳಿದದ್ದರಲ್ಲಿ ಬಹುಪಾಲು ಸರ್ಕಾರದ ಹೆಗಲಿಗೇ ಬಿದ್ದಿದೆ.

ಇದನ್ನು ಸರಿಪಡಿಸಲು ಎರಡು ಹೆಜ್ಜೆಗಳನ್ನು ಇಡಲಾಗಿದೆ. 2023ರ ಕಾಯಿದೆಯಿಂದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಹುಟ್ಟಿತು. ಐದು ವರ್ಷಕ್ಕೆ 50 ಸಾವಿರ ಕೋಟಿಯ ಗುರಿ; ಅದರಲ್ಲಿ 14 ಸಾವಿರ ಕೋಟಿ ಸರ್ಕಾರದಿಂದ, ಮಿಕ್ಕದ್ದು ಉದ್ಯಮ ಹಾಗೂ ದಾನಿಗಳಿಂದ ಬರಬೇಕೆಂದು ಅಂದಾಜು. 2025ರ ಜುಲೈ 1ರಂದು ಕೇಂದ್ರ ಸಂಪುಟ 1 ಲಕ್ಷ ಕೋಟಿ ರೂಪಾಯಿಯ ಇನ್ನೊಂದು ಯೋಜನೆಗೆ ಒಪ್ಪಿಗೆ ಕೊಟ್ಟಿತು. ಸಂಶೋಧನೆಯನ್ನು ಉತ್ಪನ್ನವಾಗಿಸುವ ಖಾಸಗಿ ಉದ್ಯಮಗಳಿಗೆ ದೀರ್ಘಾವಧಿಯ ಸಾಲವನ್ನು ಅತಿ ಕಡಿಮೆ ಬಡ್ಡಿಗೆ, ಕೆಲವೊಮ್ಮೆ ಬಡ್ಡಿಯೇ ಇಲ್ಲದೆ ಒದಗಿಸುವುದು ಅದರ ಉದ್ದೇಶ.

ತಂತ್ರಜ್ಞಾನವೊಂದು ಕಲ್ಪನೆಯಿಂದ ಮಾರುಕಟ್ಟೆಗೆ ಬರುವ ದಾರಿಯನ್ನು ತಜ್ಞರು ಒಂಬತ್ತು ಮೆಟ್ಟಿಲಾಗಿ ಎಣಿಸುತ್ತಾರೆ. ಈ ನಿಧಿ ನೆರವಾಗುವುದು ನಾಲ್ಕನೆಯ ಮೆಟ್ಟಿಲಿನಿಂದ ಮೇಲೆ, ಅಂದರೆ ಪ್ರಯೋಗಶಾಲೆಯಲ್ಲಿ ಕೆಲಸ ಮಾಡಿ ತೋರಿಸಿದ ಮೇಲೆ. ಕ್ರಮ ಸರಿಯಾದದ್ದೇ. ಆದರೆ ಚಳ್ಳಕೆರೆಯ ಎಣ್ಣೆ ಗಿರಣಿಯವನು, ಮೊಳಕಾಲ್ಮುರಿನ ಮಗ್ಗದವನು ನಿಂತಿರುವುದು ಮೊದಲನೆಯ ಮೆಟ್ಟಿಲಿನ ಕೆಳಗೆ. ಅವನ ಕೈಹಿಡಿದು ಮೂರು ಮೆಟ್ಟಿಲು ಹತ್ತಿಸುವವರು ಯಾರು?

ಗಂಧದೆಣ್ಣೆಯ ಪಾಠ

ಈ ಪ್ರಶ್ನೆಗೆ ಉತ್ತರ ನಮ್ಮ ರಾಜ್ಯದ ಚರಿತ್ರೆಯಲ್ಲೇ ಇದೆ. ಜೆಮ್ಸೆಟ್ಜಿ ಟಾಟಾ ಅವರ ಕನಸಿನ ವಿಜ್ಞಾನ ಸಂಸ್ಥೆ 1909ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದಾಗ ಮೈಸೂರು ಸಂಸ್ಥಾನ 371 ಎಕರೆ ಕೊಟ್ಟಿತ್ತು. ಅದೂ ಸಾರ್ವಜನಿಕರ ನೆಲವೇ. ಐದು ವರ್ಷದಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಎಣ್ಣೆ ತೆಗೆಯಲು ಜರ್ಮನಿಗೆ ಹೋಗುತ್ತಿದ್ದ ಮೈಸೂರಿನ ಶ್ರೀಗಂಧ ಕೊಳ್ಳುವವರಿಲ್ಲದೆ ಗೋದಾಮಿನಲ್ಲಿ ರಾಶಿ ಬಿತ್ತು. ಆಗ ಸಂಸ್ಥಾನ ಕದ ತಟ್ಟಿದ್ದು ಇದೇ ಸಂಸ್ಥೆಯದನ್ನು. ಅಲ್ಲಿಯ ರಸಾಯನ ವಿಜ್ಞಾನಿಗಳಾದ ಸಡ್‌ಬರೊ ಮತ್ತು ವಾಟ್ಸನ್ ಇಲ್ಲಿಯೇ ಎಣ್ಣೆ ಭಟ್ಟಿ ಇಳಿಸುವ ವಿಧಾನವನ್ನು ರೂಪಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆಯ ತಯಾರಿಕೆ ಆರಂಭವಾಯಿತು, ಬಳಿಕ ಮೈಸೂರಿನಲ್ಲಿ ದೊಡ್ಡ ಕಾರ್ಖಾನೆ ಬಂತು. ಸಾಬೂನು ಅದರ ಬೆನ್ನಿಗೇ ಬಂತು. ಮನೆಮನೆಯ ಬಚ್ಚಲಲ್ಲಿರುವ ಮೈಸೂರು ಸ್ಯಾಂಡಲ್ ಸಾಬೂನಿನ ಮೂಲ ಇದು.

ಇಲ್ಲಿ ಗಮನಿಸಬೇಕಾದದ್ದು ಒಂದೇ. ಅದು ತಾನಾಗಿ ಆಗಲಿಲ್ಲ. ಸರ್ಕಾರ ಒಂದು ಊರ ಕಷ್ಟವನ್ನು ಪ್ರಶ್ನೆಯಾಗಿ ಬರೆದು ಸಂಸ್ಥೆಯ ಮುಂದಿಟ್ಟಿತು, ಅದಕ್ಕೆ ಬೇಕಾದ ಹಣವನ್ನೂ ಇಟ್ಟಿತು. ಕೇಳಿದ್ದಕ್ಕೆ ಉತ್ತರ ಬಂತು. ಚಳ್ಳಕೆರೆಯ ಕಷ್ಟಗಳನ್ನು ಹೀಗೆ ಪ್ರಶ್ನೆಯಾಗಿ ಬರೆದವರು ಯಾರಾದರೂ ಇದ್ದಾರೆಯೆ?

ಪ್ರಶ್ನೆಗಳಿಗೆ ಬರವಿಲ್ಲ. ಈ ಭಾಗದ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಮ್ ಮೀರಿದರೆ ಮಕ್ಕಳ ಹಲ್ಲಿಗೆ ಕಲೆ, ದೊಡ್ಡವರ ಮೂಳೆಗೆ ಪೆಡಸು. ಹಳ್ಳಿಯವರೇ ರಿಪೇರಿ ಮಾಡಿಕೊಳ್ಳಬಲ್ಲ ಅಗ್ಗದ ಶುದ್ಧೀಕರಣ ಬೇಕು. ಶೇಂಗಾ ಒದ್ದೆಯಾಗಿ ಬೂಷ್ಟು ಹಿಡಿದರೆ ಅಫ್ಲಟಾಕ್ಸಿನ್ ಎಂಬ ವಿಷ ಸೇರುತ್ತದೆ. ಕಣದಲ್ಲೇ ಅದನ್ನು ಪತ್ತೆಹಚ್ಚುವ ಸುಲಭ ಸಾಧನ ಬೇಕು. ಕ್ಷಿಪಣಿಯ ಲೋಹಕ್ಕೆ ಹೋಲಿಸಿದರೆ ಇವು ಸಣ್ಣ ಪ್ರಶ್ನೆಗಳು. ಆದರೆ ಯುದ್ಧಕಾಲದಲ್ಲಿ ಗಂಧದೆಣ್ಣೆಯೂ ಸಣ್ಣ ಪ್ರಶ್ನೆಯೇ ಆಗಿತ್ತು.

ಮೊಳಕಾಲ್ಮುರಿನ ಮಗ್ಗ

ಪಕ್ಕದ ಮೊಳಕಾಲ್ಮುರಿಗೂ ಸರ್ಕಾರಿ ವೆಚ್ಚದ ಸಂಶೋಧನೆ ಹೊಸತಲ್ಲ. 1892ರಲ್ಲಿ ಬಿ.ಎಲ್. ರೈಸ್ ಅವರು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಪತ್ತೆ ಮಾಡಿದರು. ಮುಂದೆ ಮೈಸೂರು ಪುರಾತತ್ತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು ಬ್ರಹ್ಮಗಿರಿಯ ಬುಡದಲ್ಲಿ ಉತ್ಖನನ ನಡೆಸಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಮಾಡಿದ ಅಗೆತ ದಕ್ಷಿಣ ಭಾರತದ ಪ್ರಾಚೀನ ಕಾಲಗಣನೆಗೆ ಆಧಾರವಾಯಿತು. ಬ್ರಹ್ಮಗಿರಿಯ ಹೆಸರು ಪ್ರಪಂಚದ ಪುರಾತತ್ತ್ವ ಪುಸ್ತಕಗಳಿಗೆ ಸೇರಿತು. ಅಗೆದವರು ಕೆಲಸ ಮುಗಿಸಿ ಹೋದರು. ಸಂಶೋಧನೆ ಒಂದು ಸೀಮೆಗೆ ಬಂದ ಮಾತ್ರಕ್ಕೆ ಅಲ್ಲಿ ಏನೂ ಉಳಿಯುವುದಿಲ್ಲ, ಉಳಿಸಬೇಕೆಂದು ಮೊದಲೇ ಗೊತ್ತುಮಾಡಿಕೊಂಡರೆ ಮಾತ್ರ ಉಳಿಯುತ್ತದೆ.

ಮೊಳಕಾಲ್ಮುರಿನ ಸೀರೆಗೆ ಭೌಗೋಳಿಕ ಸೂಚಿಯ ಮಾನ್ಯತೆಯಿದೆ. ಒಡಲಿನ ಬಣ್ಣವೇ ಬೇರೆ, ಅಂಚಿನ ಬಣ್ಣವೇ ಬೇರೆ ಇರುವಂತೆ ನೇಯಬೇಕಾದರೆ ಮೂರು ಲಾಳಿ ಓಡಬೇಕು. ಒಬ್ಬನಿಂದಾಗದು, ಪಕ್ಕದಲ್ಲಿ ಇನ್ನೊಬ್ಬರು ಬೇಕು. ಬುಟ್ಟಾ, ಸೆರಗಿನ ವಿನ್ಯಾಸಕ್ಕೆ ಜಕಾರ್ಡಿನ ಭಾರವನ್ನು ಹೊಕ್ಕುಹೊಕ್ಕಿಗೂ ಕಾಲಿನಿಂದ ಎತ್ತಬೇಕು. ಕುಣಿಮಗ್ಗದಲ್ಲಿ ಇಪ್ಪತ್ತು ವರ್ಷ ಕೂತವನ ಮಂಡಿಯನ್ನು ಕೇಳಿದರೆ ಇದರ ಲೆಕ್ಕ ಸಿಗುತ್ತದೆ. ಇತ್ತ ವಿದ್ಯುತ್ ಮಗ್ಗ ಅದೇ ಚಿತ್ರವನ್ನು ನಕಲು ಮಾಡಿ ಕಡಿಮೆ ಬೆಲೆಗೆ ಮಾರುತ್ತದೆ. ನೇಯ್ಗೆ ಕೈಯಲ್ಲೇ ಉಳಿಯಬೇಕು, ಭಾರ ಎತ್ತುವ ಕೆಲಸ ಮಾತ್ರ ಸಣ್ಣ ಮೋಟಾರಿಗೆ ಹೋಗಬೇಕು. ಇಂಥ ಸಾಧನಗಳು ಇಲ್ಲವೆಂದಲ್ಲ. ಇಲ್ಲಿಯ ಮಗ್ಗಕ್ಕೆ ಒಪ್ಪುವಂತೆ ತಿದ್ದಿ, ಕೆಟ್ಟರೆ ಇಲ್ಲಿಯೇ ರಿಪೇರಿಯಾಗುವಂತೆ ಮಾಡಿ, ನೇಕಾರನ ಕೈಗೆಟುಕುವ ಬೆಲೆಗೆ ಇಳಿಸುವ ಕೆಲಸ ಬಾಕಿ ಇದೆ. ಅದಕ್ಕೆ ಲಕ್ಷ ಕೋಟಿ ಬೇಡ. ನಾಲ್ಕಾರು ಡಿಪ್ಲೊಮಾ ಹುಡುಗರು, ಒಂದು ವರ್ಕ್‌ಶಾಪು, ಮೂರು ವರ್ಷದ ತಾಳ್ಮೆ ಸಾಕು. ಇದೂ ಕೈಗಾರಿಕಾ ನಾವೀನ್ಯವೇ ಎಂದು ಒಪ್ಪುವ ಮನಸ್ಸು ಬೇಕು ಅಷ್ಟೆ.

ಆಫ್ರಿಕದ ಒಂದು ಕುರಿ ಬಯಲು

ನಮ್ಮಂಥದ್ದೇ ಒಣ ಸೀಮೆಯೊಂದು ದಕ್ಷಿಣ ಆಫ್ರಿಕದಲ್ಲಿದೆ. ಹೆಸರು ಕರೂ. ಅಲ್ಲೂ ಕುರಿಯೇ ಬದುಕು. ರೇಡಿಯೊ ಸದ್ದುಗದ್ದಲವಿಲ್ಲದ ಆ ಬಯಲು ಖಗೋಳ ವಿಜ್ಞಾನಿಗಳಿಗೆ ಬೇಕಾಯಿತು. 2018ರಲ್ಲಿ ‘ಮೀರ್‌ಕ್ಯಾಟ್’ ಎಂಬ 64 ತಟ್ಟೆಗಳ ದೂರದರ್ಶಕ ಉದ್ಘಾಟನೆಯಾಯಿತು. ಅದಕ್ಕಾಗಿ ಕುರಿ ಸಾಕುವವರ ಜಮೀನುಗಳನ್ನು ಕೊಂಡಾಗ ಅಲ್ಲಿಯೂ ಅಸಮಾಧಾನವೆದ್ದಿತ್ತು.

ಆದರೆ ಅಲ್ಲಿಯವರು ಎರಡು ಕೆಲಸ ಮಾಡಿದರು. ಹತ್ತಿರದ ಕಾರ್ನಾರ್ವಾನ್ ಪಟ್ಟಣದ ಹೈಸ್ಕೂಲಿಗೆ ಗಣಿತ, ವಿಜ್ಞಾನದ ಶಿಕ್ಷಕರು ಸಿಗುವಂತೆ ಯೋಜನೆಯ ವತಿಯಿಂದಲೇ ನೆರವಾದರು, ಅಲ್ಲಿಯ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಟ್ಟರು. ಸ್ಥಳೀಯ ಯುವಕರನ್ನು ತಂತ್ರಜ್ಞರಾಗಿ ತರಬೇತುಗೊಳಿಸಿದರು. ಎರಡನೆಯದಾಗಿ, ದೂರದರ್ಶಕದ ಸುತ್ತ ಖಾಲಿ ಉಳಿಯಬೇಕಾದ 1 ಲಕ್ಷ 35 ಸಾವಿರ ಹೆಕ್ಟೇರಿನಷ್ಟು ನೆಲವನ್ನು 2020ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ವಿಜ್ಞಾನಕ್ಕೆ ಬೇಕಾದ ಏಕಾಂತ ಬಯಲಿನ ಜೀವಿಗಳಿಗೂ ಒದಗಿತು. ಕುರಿ ಹಿಂಡಿನವರ ನೋವು ಇದರಿಂದ ಪೂರ್ತಿ ಮಾಯಲಿಲ್ಲ. ಆದರೂ ಊರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ದಾರಿಯೊಂದು ಇದೆ ಎಂಬುದಂತೂ ತೋರಿತು.

ಆಗಬೇಕಾದದ್ದು

ಕುದಾಪುರದಲ್ಲಿ ಒಂದು ಒಳ್ಳೆಯ ಆರಂಭವಾಗಿದೆ ಎಂಬುದನ್ನು ಹೇಳಲೇಬೇಕು. ವಿಜ್ಞಾನ ಸಂಸ್ಥೆ ತನ್ನ ಆವರಣದಲ್ಲಿ ಪ್ರತಿಭಾ ಅಭಿವೃದ್ಧಿ ಕೇಂದ್ರವನ್ನು ತೆರೆದು, ರಾಜ್ಯದ ಹೈಸ್ಕೂಲು, ಪಿಯು ಕಾಲೇಜುಗಳ ವಿಜ್ಞಾನ ಹಾಗೂ ಗಣಿತ ಶಿಕ್ಷಕರಿಗೆ ಉಳಿದುಕೊಂಡು ಕಲಿಯುವ ತರಬೇತಿ ನೀಡುತ್ತ ಬಂದಿದೆ. ಪುಸ್ತಕದಲ್ಲಿ ಮಾತ್ರ ಕಂಡ ಪ್ರಯೋಗಗಳನ್ನು ಅಲ್ಲಿ ಕೈಯಾರೆ ಮಾಡಿ ಬಂದ ಶಿಕ್ಷಕರು ಬಹಳ ಮಂದಿ. ಅಲ್ಲಿಯೇ ಹವಾಮಾನ ವೀಕ್ಷಣಾಲಯವೂ ಇದ್ದು, ಗಾಳಿಯಲ್ಲಿರುವ ದೂಳಿನ ಕಣಗಳ ಅಧ್ಯಯನ ನಡೆದಿದೆ. ಆದರೆ ತರಬೇತಿ ಮುಗಿಸಿ ಊರಿಗೆ ಮರಳಿದ ಶಿಕ್ಷಕ ಕಾಣುವುದೇನು? ಒಡೆದ ಬ್ಯೂರೆಟ್ಟು, ಬೀಗ ಹಾಕಿದ ಬೀರು. ಕಲಿತದ್ದನ್ನು ಮಾಡಿ ತೋರಿಸಲು ಸಾಮಾನಿಲ್ಲದಿದ್ದರೆ ತರಬೇತಿ ಅರ್ಧಕ್ಕೇ ನಿಲ್ಲುತ್ತದೆ.

ನಾಲ್ಕು ಮಾತುಗಳನ್ನು ಮುಂದಿಡಬಹುದು. ಮೊದಲನೆಯದು, ಈ ನಾಲ್ಕೂ ಸಂಸ್ಥೆಗಳು ಚಳ್ಳಕೆರೆಯಲ್ಲಿ ಮಾಡುವ ವೆಚ್ಚದಲ್ಲಿ ನೂರಕ್ಕೆ ಒಂದು ರೂಪಾಯಿಯನ್ನು ಒಂದೇ ಖಾತೆಗೆ ಹಾಕಿ, ಚಳ್ಳಕೆರೆ ಮತ್ತು ಮೊಳಕಾಲ್ಮುರು ತಾಲ್ಲೂಕುಗಳ ಸರ್ಕಾರಿ ಶಾಲೆಗಳ ಪ್ರಯೋಗಶಾಲೆಗೆ, ಇಲ್ಲಿಯ ಪ್ರಶ್ನೆಗಳ ಸಂಶೋಧನೆಗೆ ಮೀಸಲಿಡಬೇಕು. ಉಸ್ತುವಾರಿಗೆ ಜಿಲ್ಲಾಡಳಿತ, ಸಂಸ್ಥೆಗಳು, ಗ್ರಾಮ ಪಂಚಾಯಿತಿಗಳು ಕೂಡಿ ಕೂರಬೇಕು. ವರ್ಷಕ್ಕೊಮ್ಮೆ ಲೆಕ್ಕ ಊರ ಮುಂದೆ ಓದಬೇಕು.

ಎರಡನೆಯದು, ಕೆಲಸ. ವಿಜ್ಞಾನಿಯ ಹುದ್ದೆಗೆ ದೇಶದ ಎಲ್ಲರೂ ಸ್ಪರ್ಧಿಸಲಿ, ಅದು ನ್ಯಾಯ. ಆದರೆ ಒಬ್ಬ ವಿಜ್ಞಾನಿಯ ಬೆನ್ನಿಗೆ ಹಲವು ಮಂದಿ ಫಿಟ್ಟರು, ಎಲೆಕ್ಟ್ರಿಷಿಯನ್ನು, ಉಪಕರಣ ತಂತ್ರಜ್ಞರು ಬೇಕು. ಅಪ್ರೆಂಟಿಸ್ ಕಾಯಿದೆ 1961ರಿಂದಲೇ ಇದೆ. ಇಲ್ಲಿಯ ಐಟಿಐ, ಪಾಲಿಟೆಕ್ನಿಕ್‌ಗಳಲ್ಲಿ ಆ ಸಂಸ್ಥೆಗಳಿಗೆ ಬೇಕಾದ ಕೌಶಲವನ್ನೇ ಕಲಿಸಿ, ಕಾವಲಿನಂಚಿನ ಹಳ್ಳಿಗಳ ಮಕ್ಕಳನ್ನು ಅಪ್ರೆಂಟಿಸ್ ಆಗಿ ತೆಗೆದುಕೊಳ್ಳಲು ಯಾವ ರಹಸ್ಯವೂ ಅಡ್ಡ ಬರುವುದಿಲ್ಲ. ಗೇಟಿನ ಹೊರಗೆ ಕಾವಲುಗಾರನಾಗಿ ನಿಲ್ಲುವುದಷ್ಟೇ ಈ ಊರ ಹುಡುಗನ ಪಾಲಾಗಬಾರದು.

ಮೂರನೆಯದು, ಹುಲ್ಲು. ಗೋಡೆಯೊಳಗಿನ ಎಲ್ಲ ಎಕರೆಯೂ ಕಟ್ಟಡವಾಗುವುದಿಲ್ಲ. ಪರೀಕ್ಷಾ ವಲಯಕ್ಕೆ ಬಯಲು ಬಯಲಾಗಿಯೇ ಇರಬೇಕು. ಅಲ್ಲಿ ಬೆಳೆಯುವ ಹುಲ್ಲನ್ನು ಮಳೆಗಾಲ ಮುಗಿದ ಮೇಲೆ, ಭದ್ರತೆಯ ಕಟ್ಟುಪಾಡಿನೊಳಗೆ, ಗೊತ್ತಾದ ದಿನಗಳಲ್ಲಿ ಕೊಯ್ದು ಸುತ್ತಲ ಹಟ್ಟಿಗಳಿಗೆ ಕೊಡಬಹುದು. ಎಷ್ಟು ಕೊಯ್ದರೆ ಹುಲ್ಲು ಉಳಿಯುತ್ತದೆ, ಎಷ್ಟು ಬಿಟ್ಟರೆ ಹಕ್ಕಿ ಗೂಡು ಕಟ್ಟುತ್ತದೆ ಎಂದು ಅಳೆಯಲು ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಿಗಳಿದ್ದಾರೆ. ಬೆಣ್ಣೆ ಚಾವಡಿಯ ಕಾಲದ ಪದ್ಧತಿಗೆ ಹೊಸ ಅಂಕಿ-ಸಂಖ್ಯೆ ಸೇರಿದಂತಾಗುತ್ತದೆ.

ನಾಲ್ಕನೆಯದು, ಉಳಿದಿರುವ ಕಾವಲು. ಅದನ್ನು ಇನ್ನು ಯಾರಿಗೂ, ಎಂಥ ದೊಡ್ಡ ಹೆಸರಿಗೂ, ಹಂಚಬಾರದು.

ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳನ್ನು ಈ ಸೀಮೆ ದೇವರೆಂದು ನಂಬುತ್ತದೆ. ಊರ ಜನರನ್ನು ಕೂಡಿಸಿಕೊಂಡು ಕೆರೆಗಳನ್ನು ಕಟ್ಟಿಸಿದವರು ಅವರು. ದುಡಿದವನಿಗೆ ದುಡಿದಷ್ಟು ಕೂಲಿ ಸಲ್ಲಬೇಕೆಂಬುದು ಅವರ ನಡೆ-ನುಡಿ ಎಂದು ಜನ ಇಂದಿಗೂ ನೆನೆಯುತ್ತಾರೆ. ಆ ಕೆರೆಗೆ ಮಣ್ಣು ಹೊತ್ತವನ ಹೊಲಕ್ಕೂ ನೀರು ಹರಿಯುತ್ತಿತ್ತು. ನಾಯಕನಹಟ್ಟಿಯಿಂದ ಕುದಾಪುರ ಕೂಗಳತೆಯಷ್ಟು ಹತ್ತಿರ. ಮುಂದಿನ ಬಜೆಟ್ಟಿನಲ್ಲಿ ಆ ನಾಲ್ಕು ಇಲಾಖೆಗಳ ಹಣ ಹಂಚುವವರು ಒಂದು ಸಾಲು ಹೆಚ್ಚಿಗೆ ಬರೆದರೆ ಸಾಕು: ಚಳ್ಳಕೆರೆ, ಮೊಳಕಾಲ್ಮುರು, ನೂರಕ್ಕೆ ಒಂದು.